ಗ್ಯಾಸ್ ಅಂತ ಮಲಗಿಸಬೇಡಿ

ಎಲ್ಲರಿಗೂ ಶರಣು ಶರಣಾರ್ಥಿ.

ಹಬ್ಬದ ಸುದ್ದಿ, ಮಕ್ಕಳ ಬರಹ ಎಲ್ಲಾ ಒಳಪುಟಗಳಲ್ಲಿವೆ. ಅದಕ್ಕೂ ಮೊದಲು ಒಂದು ಮಾತು. ಈ ವಾರ ಊರಿಗೆ ಫೋನ್ ಮಾಡಿದಾಗ ಅಪ್ಪ ಅಮ್ಮನ ಹತ್ತಿರ ಎದೆನೋವಿನ ಬಗ್ಗೆ ಮಾತಾಡಿ. ಮಳೆ ಬಂತಾ, ತೊಗರಿ ರೇಟು ಎಷ್ಟಾಯ್ತು ಅಂತೆಲ್ಲಾ ಕೇಳುತ್ತೇವೆ, ಇದನ್ನು ಮಾತ್ರ ಕೇಳುವುದಿಲ್ಲ.

ಕಲಬುರಗಿ, ಬೀದರ್, ಯಾದಗಿರಿ ಕಡೆ ಯಾರಾದರೂ ಎದೆ ಹಿಡಿದುಕೊಂಡರೆ ಮನೆಯಲ್ಲಿ ಮೊದಲು ಬರುವ ಮಾತು 'ಗ್ಯಾಸ್ ಆಗ್ಯಾದ'. ಅಜವಾನ ತಿನ್ನಿಸಿ, ಸೋಡಾ ಕುಡಿಸಿ, ಮುಂಜಾನೆ ನೋಡೋಣ ಅಂತ ಮಲಗಿಸುತ್ತಾರೆ. ಹೃದಯಾಘಾತ ಅಂದರೆ ಹೃದಯಕ್ಕೆ ರಕ್ತ ಒಯ್ಯುವ ನಾಳ ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋಗುವುದು. ಹೊತ್ತು ಹೋದಷ್ಟೂ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ, ಸತ್ತ ಭಾಗ ಮತ್ತೆ ಮೊದಲಿನಂತೆ ಆಗುವುದಿಲ್ಲ. ಎದೆ ಬಿಗಿದು ಬೆವರು ಬಂದರೆ, ನೋವು ಎಡಗೈಗೋ ದವಡೆಗೋ ಇಳಿದರೆ ಕಾಯಬಾರದು. ಹೆಣ್ಣುಮಕ್ಕಳಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ ಕೆಲವು ಸಲ ನೋವೇ ಇರುವುದಿಲ್ಲ, ಬರೀ ಏದುಸಿರು, ವಾಂತಿ, ವಿಪರೀತ ಸುಸ್ತು.

ಇನ್ನೊಂದು ಕಡೆ ಹೊತ್ತು ಹೋಗುವುದು ರಸ್ತೆಯ ಮೇಲೆ. ದೊಡ್ಡ ದವಾಖಾನಿಗೇ ಹೋಗಬೇಕು ಅಂತ ಗಾಡಿ ಮಾಡಿಕೊಂಡು ನೇರ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೊರಡುತ್ತಾರೆ, ತಾಲೂಕು ಆಸ್ಪತ್ರೆ ದಾರಿಯಲ್ಲೇ ಇದ್ದರೂ ನಿಲ್ಲಿಸುವುದಿಲ್ಲ. ದಯವಿಟ್ಟು ನಿಲ್ಲಿಸಲು ಹೇಳಿ. 46ನೇ ವಯಸ್ಸಿಗೇ ಹೋದ ನಮ್ಮ ಅಪ್ಪು ಹೆಸರಿನಲ್ಲಿ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ಶುರು ಮಾಡಿತಲ್ಲ, ಅದು ಇದಕ್ಕಾಗಿಯೇ ಇದೆ. ಯೋಜನೆಗೆ ಸೇರಿದ ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡುತ್ತಾರೆ, ದೂರದ ಹೃದಯ ತಜ್ಞರು ಅದನ್ನು ನೋಡಿ ಹೇಳುತ್ತಾರೆ, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಮುಂದಿನ ಚಿಕಿತ್ಸೆಗೆ ಕಲಬುರಗಿಯಲ್ಲೇ ಜಯದೇವ ಇದೆ, 2024ರ ಡಿಸೆಂಬರಿನಲ್ಲಿ 371 ಹಾಸಿಗೆಯ ಹೊಸ ಕಟ್ಟಡವೂ ಆಯಿತು.

ಇನ್ನು ನಮ್ಮ ವಿಷಯ. ನಮ್ಮ ಕಡೆಯವರಿಗೆ ಹೃದಯಾಘಾತ ಬೇರೆಯವರಿಗಿಂತ ಬೇಗ ಬರುತ್ತದೆ. 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬಂದ ವಯಸ್ಸು 53ರ ಆಸುಪಾಸು, ಉಳಿದವರಿಗೆ ಸುಮಾರು 59. ಆದ್ದರಿಂದ ಐವತ್ತಾದ ಮೇಲೆ ನೋಡೋಣ ಅನ್ನಬೇಡಿ. ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಈಗಲೇ ನೋಡಿಸಿ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಆಗಿದ್ದರೆ ಡಾಕ್ಟರಿಗೆ ಹೇಳಿ. ತೂಕ ಸರಿ ಇದ್ದರೂ ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ ಬೇಕು. ಸಿಗರೇಟು, ಗುಟ್ಕಾ ಇದ್ದರೆ ಅದನ್ನು ಮೊದಲು ಬಿಡಿ.

ಊಟದ ವಿಷಯದಲ್ಲಿ ನಾವು ಪುಣ್ಯವಂತರು. ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬ್ಯಾಳಿ, ಎಳ್ಳಮಾವಾಸ್ಯೆಗೆ ಹೊಲದ ಕಾಳು-ಸೊಪ್ಪೆಲ್ಲಾ ಹಾಕಿ ಮಾಡುವ ಭಜ್ಜಿ, ಇದಕ್ಕಿಂತ ಒಳ್ಳೆಯದು ಯಾವ ಡಯಟ್ ಚಾರ್ಟಿನಲ್ಲಿದೆ? ಆದರೆ ಉಪ್ಪಿನಕಾಯಿ, ಹಪ್ಪಳ, ಹಿಂಡಿಯಲ್ಲಿ ಉಪ್ಪು ಜಾಸ್ತಿ. ದಿನಕ್ಕೆ 5 ಗ್ರಾಂ ಉಪ್ಪಿನೊಳಗಿರಬೇಕು, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಆ ರೊಟ್ಟಿ ಉಂಡವರು ದಿನವಿಡೀ ಹೊಲದಲ್ಲಿ ದುಡಿಯುತ್ತಿದ್ದರು, ನಾವು ಕಾರಿನಿಂದ ಇಳಿದು ಕುರ್ಚಿಗೆ ಹೋಗುತ್ತೇವೆ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೆ ಸಾಕು.

ಫೋನ್ ಇಡುವ ಮೊದಲು ಇನ್ನೊಂದು ಕೇಳಿ: ಬಿಪಿ ಮಾತ್ರೆ ನಡೆದಿದೆಯಾ? ಬಿಪಿ ನಾರ್ಮಲ್ ಬಂತು ಅಂತ ತಾವೇ ನಿಲ್ಲಿಸಿಬಿಡುವವರು ಬಹಳ. ನಾರ್ಮಲ್ ಬಂದಿರುವುದೇ ಆ ಮಾತ್ರೆಯಿಂದ ಅಲ್ವಾ. ಮಾತ್ರೆಗಳ ಹೆಸರು ಬರೆದು 108 ನಂಬರಿನ ಜೊತೆ ಗೋಡೆಗೆ ಅಂಟಿಸಲು ಹೇಳಿ, ಪಕ್ಕದ ಮನೆಯವರ ನಂಬರು ನಿಮ್ಮ ಫೋನಿನಲ್ಲಿರಲಿ.