ರೇಸಿನ ಕತೆಯಲ್ಲಿ ಪಂಕ್ಚರ್ ಹಾಕಿದವರನ್ನೇ ಬಿಟ್ಟಿದ್ದೀರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಕಾರ್ ರೇಸ್ ಹುಟ್ಟಿದ ಕತೆ ಓದಿದೆ. ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ನನ್ನದೊಂದು ಪಂಕ್ಚರ್ ಅಂಗಡಿ ಇದೆ. ಮೂವತ್ತೊಂದು ವರ್ಷವಾಯಿತು. ಗಿರಾಕಿ ಇಲ್ಲದಾಗ ಹಳೇ ಲಾರಿ ಟೈರಿನ ಮೇಲೆ ಕೂತು ಪೇಪರ್ ಓದುತ್ತೇನೆ. ಲೇಖನ ಚೆನ್ನಾಗಿತ್ತು. ಆದರೆ 1895ರ ಪ್ಯಾರಿಸ್–ಬೋರ್ಡೊ–ಪ್ಯಾರಿಸ್ ರೇಸಿನ ವಿಷಯದಲ್ಲಿ ಒಂದು ತಪ್ಪಿದೆ. ಇನ್ನೊಂದನ್ನು ಬಿಟ್ಟೇ ಬಿಟ್ಟಿದ್ದೀರಿ.

ತಪ್ಪು ಚಿಕ್ಕದು. ಎಮಿಲ್ ಲೆವಾಸರ್ ಮೊದಲ ಬಹುಮಾನ ಗೆದ್ದರು ಎಂದು ಬರೆದಿದ್ದೀರಿ. ಮೊದಲು ಬಂದದ್ದು ಅವರೇ, ಬಹುಮಾನ ಸಿಗಲಿಲ್ಲ. 1,178 ಕಿಲೋಮೀಟರನ್ನು 48 ಗಂಟೆ 48 ನಿಮಿಷದಲ್ಲಿ ಓಡಿಸಿದರು. ರಫೆಕ್ ಎಂಬ ಊರಿನಲ್ಲಿ ಬದಲಿ ಡ್ರೈವರ್ ಗಾಡಿ ಹಿಡಿಯಬೇಕಿತ್ತು. ಲೆವಾಸರ್ ಹೇಳಿದ್ದಕ್ಕಿಂತ ಬೇಗ, ಬೆಳಗಿನ ಜಾವವೇ ಬಂದುಬಿಟ್ಟರು. ಬದಲಿಯವನು ಇನ್ನೂ ಮಲಗಿದ್ದ. ಇವರು ಅವನನ್ನು ಬಿಟ್ಟು ಮುಂದೆ ಹೋದರು, ಕೊನೆತನಕ ಸ್ಟೇರಿಂಗ್ ಬಿಡಲಿಲ್ಲ. ಎರಡನೆಯ ಗಾಡಿ ಬಂದದ್ದು ಸುಮಾರು ಆರು ಗಂಟೆ ಆದಮೇಲೆ. ಆದರೆ ಮೊದಲ ಬಹುಮಾನ ಎರಡಕ್ಕಿಂತ ಜಾಸ್ತಿ ಸೀಟಿನ ಗಾಡಿಗೆ ಮಾತ್ರ ಅಂತ ನಿಯಮ. ಅವರದ್ದು ಎರಡೇ ಸೀಟು. ಹನ್ನೊಂದು ಗಂಟೆ ತಡವಾಗಿ ಮೂರನೆಯವರಾಗಿ ಬಂದ ಕೋಶ್ಲಿನ್ ಅವರ ಪೂಜೋ ಕಾರಿಗೆ ಬಹುಮಾನ ಹೋಯಿತು.

ಅದರ ಹಿಂದಿನ ವರ್ಷ, 1894ರ ಪ್ಯಾರಿಸ್–ರುವಾನ್ ಓಟದಲ್ಲೂ ಹೀಗೇ ಆಗಿತ್ತು. ಮೊದಲು ಬಂದದ್ದು ದ ದಿಯೋನ್ ಅವರ ಉಗಿ ಗಾಡಿ. ಅದನ್ನು ಓಡಿಸಲು ಬೆಂಕಿ ಹಾಕುವವನೊಬ್ಬ ಬೇರೆ ಬೇಕು ಅಂತ ಮೊದಲ ಬಹುಮಾನ ಕೊಡಲಿಲ್ಲ. ಅಪಾಯ ಇರಬಾರದು, ಓಡಿಸಲು ಸುಲಭ ಇರಬೇಕು, ಖರ್ಚು ಕಡಿಮೆ ಇರಬೇಕು. ಓಟ ನಡೆಸಿದವರು ನೋಡಿದ್ದು ಇಷ್ಟು. ಆ ಓಟ ನಡೆಸಿದ್ದು ನಿಮ್ಮಂಥದ್ದೇ ಒಂದು ಪೇಪರ್, ಲ ಪತಿ ಜುರ್ನಾಲ್. ಅದನ್ನಾದರೂ ಹೆಮ್ಮೆಯಿಂದ ಹಾಕಬಹುದಿತ್ತು, ಅಲ್ವಾ?

ಈಗ ಬಿಟ್ಟುಹೋದ ಮಾತಿಗೆ ಬರುತ್ತೇನೆ. ಲೆವಾಸರ್ ಗಾಡಿಯ ಚಕ್ರಕ್ಕಿದ್ದದ್ದು ಗಟ್ಟಿ ರಬ್ಬರ್. ಅದೇ ರೇಸಿನಲ್ಲಿ ಗಾಳಿ ತುಂಬಿದ ಟೈರು ಹಾಕಿಕೊಂಡು ಒಂದು ಕಾರು ಓಡಿತು. ಮಿಶೆಲಿನ್ ಅಣ್ಣತಮ್ಮಂದಿರದ್ದು, ಆಂದ್ರೆ ಮತ್ತು ಎದುವಾರ್. ಕಾರಿನ ಹೆಸರು ಲೆಕ್ಲೇರ್, ಅಂದರೆ ಮಿಂಚು. ಹೆಸರಿಗೆ ಮಿಂಚು, ಓಡಿದ್ದಕ್ಕಿಂತ ನಿಂತದ್ದೇ ಜಾಸ್ತಿ. ಆಗಿನ ರಸ್ತೆಯಲ್ಲಿ ಕುದುರೆ ಲಾಳದ ಮೊಳೆಗೇನು ಬರ. ಜೊತೆಗೆ ತಂದಿದ್ದ 22 ಟ್ಯೂಬೂ ಖರ್ಚಾದವು. 22 ಟ್ಯೂಬು ಅಂದರೆ ಏನು ಎಂದು ನನ್ನನ್ನು ಕೇಳಿ. ಟೈರು ಬಿಚ್ಚಬೇಕು, ಒಳಗೆ ಕೈಯಾಡಿಸಿ ಮೊಳೆ ಹುಡುಕಬೇಕು, ಹೊಸ ಟ್ಯೂಬು ಮಡಿಕೆ ಬೀಳದಂತೆ ಕೂರಿಸಬೇಕು, ಗಾಳಿ ತುಂಬಬೇಕು. ನನಗೆ ಕಂಪ್ರೆಸರ್ ಇದೆ. ಆದರೂ ಒಂದೇ ದಿನ ನಾಲ್ಕು ಲಾರಿ ಟೈರು ಬಂದರೆ ರಾತ್ರಿ ಊಟದ ತಟ್ಟೆ ಎತ್ತಲು ತೋಳು ಬರುವುದಿಲ್ಲ. ಅವರು ಹೇಗೋ ಪ್ಯಾರಿಸ್ ಮುಟ್ಟಿದರು. ಅಷ್ಟರಲ್ಲಿ 100 ಗಂಟೆಯ ಗಡುವು ಮುಗಿದಿತ್ತು, ಲೆಕ್ಕಕ್ಕೆ ಬರಲಿಲ್ಲ.

ಈ ಕತೆಯನ್ನು ನನಗೆ ಮೊದಲು ಹೇಳಿದ್ದು ನನ್ನ ಮಗಳು, ಮೆಕ್ಯಾನಿಕಲ್ ಡಿಪ್ಲೊಮಾ ಓದುವಾಗ. ಆಮೇಲೆ ನಾನೇ ಹುಡುಕಿ ಓದಿದೆ. ಮಿಶೆಲಿನ್ ಅಣ್ಣತಮ್ಮಂದಿರ ಟೈರಿನ ವ್ಯವಹಾರ ಶುರುವಾದದ್ದೂ ಒಂದು ಪಂಕ್ಚರಿನಿಂದಲೇ. 1889ರಲ್ಲಿ ಸೈಕಲ್ಲಿನವನೊಬ್ಬ ಪಂಕ್ಚರ್ ಆದ ಡನ್‌ಲಪ್ ಟೈರು ಹಿಡಿದು ಕ್ಲೇರ್‌ಮೋನ್‌ನಲ್ಲಿದ್ದ ಅವರ ರಬ್ಬರ್ ಫ್ಯಾಕ್ಟರಿಗೆ ಬಂದ. ಆಗ ಟೈರನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. ಕಿತ್ತು, ರಿಪೇರಿ ಮಾಡಿ ಮತ್ತೆ ಅಂಟಿಸಲು ಮೂರು ಗಂಟೆ, ಒಣಗಲು ಒಂದು ರಾತ್ರಿ. ಬೆಳಗ್ಗೆ ಎದುವಾರ್ ಒಂದು ಸುತ್ತು ಓಡಿಸಿ ನೋಡಿದರೆ ಮತ್ತೆ ಗಾಳಿ ಹೋಯಿತು. ಈ ಕಷ್ಟ ನನಗೆ ಗೊತ್ತು. ಸಲ್ಯೂಷನ್ ಹಚ್ಚಿ ಅಂಟು ಹದಕ್ಕೆ ಬರುವ ಮೊದಲೇ ಪ್ಯಾಚು ಒತ್ತಿದರೆ, ನೀರಿನ ಬಾಂಡ್ಲಿಯಲ್ಲಿ ಅದುಮಿದ ತಕ್ಷಣ ಅಂಚಿನಿಂದ ಸಣ್ಣ ಗುಳ್ಳೆ ಸಾಲು ಏಳುತ್ತೆ. ಗಿರಾಕಿ ಮೇಲಿಂದ ನೋಡುತ್ತಾ ನಿಂತಿರುತ್ತಾನೆ.

ಬಿಚ್ಚಿ ಹಾಕಬಹುದಾದ ಟೈರನ್ನು ಎದುವಾರ್ 1891ಕ್ಕೆ ಮಾಡಿದರು. ಅದೇ ವರ್ಷ ಶಾರ್ಲ್ ತೆರೋನ್ ಆ ಟೈರಿನಲ್ಲೇ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸೈಕಲ್ ರೇಸ್ ಗೆದ್ದರು. ಅದನ್ನು ನಡೆಸಿದ್ದೂ ಅದೇ ಲ ಪತಿ ಜುರ್ನಾಲ್ ಪೇಪರ್. ಸೈಕಲ್ಲಿಗೆ ಆದದ್ದು ಕಾರಿಗೂ ಆಗುತ್ತದೆ ಎಂದು ತೋರಿಸಲು 1895ರಲ್ಲಿ ರೇಸಿಗೆ ಇಳಿದರು. ಇವತ್ತು ನನ್ನ ಅಂಗಡಿಗೆ ಬರುವ ಯಾವ ಕಾರು ಗಟ್ಟಿ ರಬ್ಬರಿನ ಮೇಲೆ ಬರುತ್ತದೆ ಹೇಳಿ?

ಮುಂದಿನ ಭಾನುವಾರ ಇದನ್ನು ಒಂದು ಮೂಲೆಯಲ್ಲಾದರೂ ಹಾಕಿ.

ಇನ್ನೊಂದು ಮಾತು. ನಿಮ್ಮ ಪೇಪರ್ ತರುವ ವ್ಯಾನು ಬೆಳಗ್ಗೆ ನಾಲ್ಕೂವರೆಗೆ ನಮ್ಮ ಅಂಗಡಿ ಮುಂದೆ ಕಟ್ಟು ಇಳಿಸುತ್ತೆ. ಹಿಂದಿನ ಎಡಗಡೆ ಟೈರು ಪೂರ್ತಿ ಬೋಳಾಗಿದೆ, ಬದಿಯಲ್ಲಿ ದಾರ ಕಾಣುತ್ತಿದೆ. ಡ್ರೈವರ್‌ಗೆ ಎರಡು ಸಲ ಹೇಳಿದೆ, ಆಫೀಸಿಗೆ ಹೇಳಿ ಅಂದರು. ಹೇಳಿದ್ದೇನೆ.

ಇಂತಿ,
ಪಂಕ್ಚರ್ ಅಂಗಡಿಯವನು,
ಬಿ.ಎಚ್. ರಸ್ತೆ, ತಿಪಟೂರು