ಮಗುವಿನ ಪರ ವಕಾಲತ್ತು ಯಾರದು? ವಿಜಯಪುರ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ನಾನು ವಿಜಯಪುರದ ವಕೀಲೆ. ಜಮೀನು ತಂಟೆ, ಚೆಕ್ ಬೌನ್ಸ್ ಕೇಸುಗಳಿಂದ ನನ್ನ ಮನೆ ನಡೆಯುತ್ತದೆ. ಆದರೆ ಇಷ್ಟು ವರ್ಷ ಮನಸ್ಸಿಟ್ಟು ಮಾಡಿದ ಕೆಲಸ ಬೇರೆ. ಹೆತ್ತವರ ಜೊತೆ ಇರಲಾಗದೆ ಇನ್ನೊಬ್ಬರ ಮನೆಯಲ್ಲಿ, ಅಂದರೆ ಫಾಸ್ಟರ್ ಕೇರ್‌ನಲ್ಲಿ, ಬೆಳೆಯುವ ಮಕ್ಕಳ ಪರ ನಿಲ್ಲುತ್ತೇನೆ. 'ಮೇಡಂ, ಇವತ್ತೂ ಫೀಸ್ ಕೊಡದ ಕಕ್ಷಿದಾರರೇನು?' ಅಂತ ಬಾರ್ ರೂಮಿನಲ್ಲಿ ಕಾಲೆಳೆಯುತ್ತಾರೆ. ಎಳೆಯಲಿ ಬಿಡಿ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಫಾಸ್ಟರ್ ಕೇರ್‌ಗೆ ಹೋಗುವ ಪ್ರತಿ ಮಗುವಿಗೂ ಮೊದಲ ದಿನದಿಂದ ಕೊನೆಯವರೆಗೆ ಒಬ್ಬರೇ ವಕೀಲರು ಇರಲಿ.

ನಮ್ಮ ಕಡೆಯ ಕಥೆ ನಿಮಗೆ ಗೊತ್ತೇ ಇದೆ. ಹಳ್ಳಿ, ತಾಂಡಾಗಳಿಂದ ಜನ ಮಹಾರಾಷ್ಟ್ರಕ್ಕೆ, ಗೋವಾಕ್ಕೆ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜಿಯ ಹತ್ತಿರ. ಅಜ್ಜಿ ತೀರಿಕೊಂಡು, ಅಪ್ಪನ ಪತ್ತೆಯೂ ಇಲ್ಲದಿದ್ದರೆ ಆಸರೆಯಿಲ್ಲದ ಮಕ್ಕಳು ಎಲ್ಲಿ ಇರಬೇಕೆಂದು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗು ಬರುತ್ತದೆ.

ಬೇರೊಂದು ಜಿಲ್ಲೆಯಲ್ಲಿ ಹೀಗೇ ಬಂದ ಹುಡುಗಿಯೊಬ್ಬಳ ಪರ ಹೋಗಿದ್ದೆ. ದೊಡ್ಡವರೆಲ್ಲ ಆಧಾರ್, ಟಿಸಿ, ಜಾತಿ ಪ್ರಮಾಣಪತ್ರ ಅಂತ ಮಾತಾಡುತ್ತಿದ್ದರು. ಹುಡುಗಿ ಮೆಲ್ಲಗೆ ನನ್ನ ಕೋಟು ಜಗ್ಗಿ ಕೇಳಿದಳು: 'ಶನಿವಾರ ತಮ್ಮನ ಸಾಲಿ ಎಷ್ಟಕ್ಕ ಬಿಡ್ತೈತ್ರಿ?' ಫೈಲು ತಿರುವಿ ಹಾಕಿದೆ. ತಮ್ಮ ಇದ್ದಾನೆ ಅನ್ನೋದೇ ಅದರಲ್ಲಿ ಇರಲಿಲ್ಲ. ಅವನು ಬಾಲಮಂದಿರದಲ್ಲಿದ್ದ, ಇವಳು ಫಾಸ್ಟರ್ ಮನೆಗೆ ಹೊರಟಿದ್ದಳು. ಅಲ್ಲೇ ಕೂತು ಅರ್ಜಿ ಬರೆದೆ. ಶನಿವಾರ ಇಬ್ಬರೂ ಭೇಟಿಯಾಗಬೇಕು ಅಂತ ಆದೇಶವಾಯಿತು. ಇದಕ್ಕೇನು ಭಾರಿ ಕಾನೂನು ಪಾಂಡಿತ್ಯ ಬೇಕಿರಲಿಲ್ಲ. ಅವಳ ಪಕ್ಕದಲ್ಲಿ ಅವಳದೇ ಅನ್ನುವ ಒಬ್ಬರು ಇರಬೇಕಿತ್ತು, ಅಷ್ಟೇ.

ಕಾನೂನು ಚೆನ್ನಾಗಿಯೇ ಇದೆ. ಫಾಸ್ಟರ್ ಮನೆಗಳನ್ನು ತಿಂಗಳಿಗೊಮ್ಮೆ ನೋಡಿ ಬರಬೇಕು ಅನ್ನುತ್ತದೆ ಬಾಲನ್ಯಾಯ ಕಾಯ್ದೆ, 2015ರ 44ನೇ ಕಲಂ. ಹೆತ್ತವರು ಮಗುವನ್ನು ನೋಡಲು ಬರಬಹುದು, ಅವರು ಸಮರ್ಥರು ಅಂತ ಸಮಿತಿಗೆ ಅನ್ನಿಸಿದರೆ ಮಗು ಮನೆಗೆ ಮರಳಬಹುದು. ಮಕ್ಕಳ ರಕ್ಷಣೆಗಿರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವೂ ಇದೆ. ಆದರೆ ಆ ತಿಂಗಳ ಭೇಟಿ ತಪ್ಪಿದರೆ, ಹಣ ತಡವಾದರೆ ಕೇಳೋರು ಯಾರು? ಅಮ್ಮ ವಾಪಸ್ ಬಂದು 'ನನ್ನ ಮಗು ಕೊಡಿ' ಅಂದಾಗ ಮಗುವಿಗೆ ಏನನ್ನಿಸುತ್ತಿದೆ ಅಂತ ಹೇಳೋರು ಯಾರು? ಆರನೇ ತರಗತಿ ಹುಡುಗ ಅರ್ಜಿ ಬರೆಯಲ್ಲ, ಅಲ್ವಾ?

ಹೊಸ ಕಾನೂನು ಬೇಕಿಲ್ಲ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಂ ಪ್ರಕಾರ ಮಕ್ಕಳಿಗೆ ಉಚಿತ ವಕೀಲರು ಸಿಗಲೇಬೇಕು, ಆದಾಯದ ಲೆಕ್ಕವಿಲ್ಲದೆ. ತೊಂದರೆ ಏನಾಗಬಹುದೆಂದರೆ, ಪ್ಯಾನೆಲ್ ವಕೀಲರು, ಅಂದರೆ ಪ್ರಾಧಿಕಾರದ ಪಟ್ಟಿಯಲ್ಲಿರುವ ವಕೀಲರು, ಬದಲಾದಂತೆಲ್ಲ ಮಗು ತನ್ನ ನೋವನ್ನು ಹೊಸಬರ ಮುಂದೆ ಮೊದಲಿನಿಂದ ಹೇಳಬೇಕು. ಆಮೇಲೆ ಸುಮ್ನಾಗಿಬಿಡುತ್ತದೆ. ಲಂಬಾಣಿ ಮಾತಾಡುವ ಮಗುವಾದರಂತೂ ಇನ್ನೂ ಬೇಗ.

ಸಮಿತಿಯ ಕೆಲಸವನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುವ ಹೊಣೆ ಕಾಯ್ದೆಯೇ ನಿಮಗೆ ಕೊಟ್ಟಿದೆ. ಮುಂದಿನ ಪರಿಶೀಲನೆಯಲ್ಲಿ ಒಂದೊಂದೇ ಫೈಲು ತೆಗೆಸಿ, ವಕಾಲತ್ತು ಹಾಕಿದವರು ಯಾರು, ಅವರು ಮಗುವನ್ನು ಕೊನೆಯ ಸಲ ನೋಡಿದ್ದು ಯಾವಾಗ ಅಂತ ಕೇಳಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಅಧ್ಯಕ್ಷರಾದ ಜಿಲ್ಲಾ ನ್ಯಾಯಾಧೀಶರಿಗೆ ಒಂದು ಪತ್ರ ಬರೆಯಿರಿ. ಈ ಕೆಲಸಕ್ಕೇ ಮೀಸಲಾದ ವಕೀಲರ ಪಟ್ಟಿ ಮಾಡಿದರೆ ನನ್ನ ಹೆಸರನ್ನೂ ಸೇರಿಸಿಕೊಳ್ಳಿ.

ಇಂತಿ,
ವಿಜಯಪುರದ ಒಬ್ಬ ವಕೀಲೆ