ಸಸಿ ಬೆಳೆಸೋದು ಒಂದೇ ದಿನದ ಕ್ಲಾಸಲ್ಲಿ ಬರಲ್ಲ

ಮಾನ್ಯ ಸಂಪಾದಕರೇ,

ಕೋಲಾರದಲ್ಲೇ ಹುಟ್ಟಿ ಬೆಳೆದವಳು ನಾನು, ಎಪಿಎಂಸಿ ಕಡೆ ಹೋದಾಗೆಲ್ಲ ಟೊಮ್ಯಾಟೊ ಕ್ರೇಟ್ ತುಂಬಿದ ಗಾಡಿಗಳ ಸಾಲು ನೋಡ್ತೀನಿ, ಆದ್ರೆ ಒಂದು ಟೊಮ್ಯಾಟೊ ಬೀಜ ಸಸಿ ಆಗೋದನ್ನ ಕಣ್ಣಾರೆ ನೋಡಿದ್ದು ಈ ವರ್ಷವೇ, ನಮ್ಮ ಬಡಾವಣೆಯಲ್ಲಿ ಐದು ಭಾನುವಾರ ನಡೆದ ಕೈತೋಟದ ಕ್ಲಾಸಲ್ಲಿ.

ಮೊದಲನೇ ವಾರ ಒಬ್ಬೊಬ್ರಿಗೂ 98 ಗುಳಿ ಇರೋ ಪ್ರೋಟ್ರೇ, ಅಂದ್ರೆ ಸಸಿ ಬೆಳೆಸೋ ಪ್ಲಾಸ್ಟಿಕ್ ಟ್ರೇ, ಕೊಟ್ರು. ತೇವ ಮಾಡಿದ ಕೋಕೋಪಿಟ್ (ತೆಂಗಿನ ನಾರಿನ ಪುಡಿ) ತುಂಬಿ, ಬೆರಳ ತುದಿಯಲ್ಲಿ ಅರ್ಧ ಸೆಂಟಿಮೀಟರ್ ಒತ್ತಿ, ಗುಳಿಗೆ ಒಂದೇ ಬೀಜ ಹಾಕಿ ಮುಚ್ಚಿ ಮನೆಗೆ ತಂದ್ವಿ. ಮೊಳಕೆ ಕಂಡ ತಕ್ಷಣ ಹೊದಿಕೆ ತೆಗೆದು ಬೆಳಕಿಗಿಡಿ ಅಂದಿದ್ರು, ತಡ ಆದ್ರೆ ಸಸಿ ಬೆಳಕು ಹುಡುಕ್ಕೊಂಡು ನೂಲಿನ ಥರ ಉದ್ದ ಆಗ್ಬಿಡುತ್ತಂತೆ, ಅದನ್ನ ಚೆನ್ನಾಗೇ ಪಾಲಿಸಿದೆ.

ಆದ್ರೆ ಒಣಗ್ಬಾರ್ದು ಅಂತ ಬೆಳಿಗ್ಗೆ ಸಂಜೆ ನೀರು ಹಾಕ್ತಾನೇ ಇದ್ದೆ, ಮೂರನೇ ಭಾನುವಾರದ ಹೊತ್ತಿಗೆ ಟ್ರೇಯ ಒಂದು ಮೂಲೆಯ ಸಸಿಗಳೆಲ್ಲ ಮಲಗಿದ್ವು. ಮೇಷ್ಟ್ರು ಒಂದನ್ನ ಕಿತ್ತು ನನ್ನ ಅಂಗೈ ಮೇಲಿಟ್ರು. ಎಲೆ ಹಸಿರಾಗೇ ಇದೆ, ಬುಡ ಮಾತ್ರ ಕಂದು ಬಣ್ಣಕ್ಕೆ ತಿರುಗಿ ದಾರದಷ್ಟು ಸಣ್ಣ ಆಗಿದೆ. "ಇದು ಬುಡ ಕೊಳೆಯೋ ರೋಗ ಕಣಮ್ಮಾ, ತೇವ ನಿಂತಷ್ಟೂ ಹಬ್ಬುತ್ತೆ. ಕೋಕೋಪಿಟ್‌ಗೆ ಮೊದ್ಲೇ ಟ್ರೈಕೋಡರ್ಮಾ ಅನ್ನೋ, ರೋಗ ತಡೆಯೋ ಒಳ್ಳೇ ಶಿಲೀಂಧ್ರ ಬೆರೆಸ್ಕೊಳ್ಳಿ, ಮೇಲ್ಗಡೆ ಒಣಗಿದ್ಮೇಲೆ ನೀರು ಕೊಡಿ" ಅಂದ್ರು. ಆ ಸಸಿ ಅಂಗೈ ಮೇಲೆ ಇಲ್ದೇ ಹೋಗಿದ್ರೆ ಈ ಮಾತು ನನ್ನ ತಲೆಗೆ ಹೋಗ್ತಿರ್ಲಿಲ್ಲ.

ನಾಲ್ಕನೇ ವಾರ ನೀರು ಕಮ್ಮಿ ಮಾಡ್ತಾ, ನೆರಳಿನ ಬಲೆ ಸರಿಸ್ತಾ ಸಸಿಗೆ ಬಿಸಿಲು ಅಭ್ಯಾಸ ಮಾಡಿಸಿದ್ವಿ. ಹಿಂದೆಲ್ಲ ನಾನು ಅಂಗಡಿಯಿಂದ ತಂದ ಸಸಿ ಮಧ್ಯಾಹ್ನ ನೆಟ್ಟು ಮಾರನೇ ದಿನವೇ ಬಾಡಿಸ್ತಿದ್ದೆ, ಕಾರಣ ಈಗ ಗೊತ್ತಾಯ್ತು. ಕೊನೇ ಭಾನುವಾರ ಸಂಜೆ, ಬಿತ್ತಿ 28 ದಿನ ಆಗಿತ್ತು, ಗುಳಿಯ ತಳ ಒತ್ತಿದ್ರೆ ಸಸಿ ಬುಡದ ಕೋಕೋಪಿಟ್ ಉದುರದೆ, ಸುತ್ತ ಬಿಳಿ ಬೇರು ಹೆಣ್ಕೊಂಡು ಇಡಿಯಾಗಿ ಕೈಗೆ ಬಂತು. ಟೊಮ್ಯಾಟೊ ಕಾಂಡದಿಂದಲೂ ಬೇರು ಬಿಡುತ್ತೆ ಅಂತ ಸ್ವಲ್ಪ ಆಳಕ್ಕೇ ನೆಟ್ಟು ನೀರು ಬಿಟ್ವಿ.

ಸಂಬಂಧಪಟ್ಟ ಅಧಿಕಾರಿಗಳನ್ನ ನಾನು ಕೇಳ್ಕೊಳ್ಳೋದು ಇಷ್ಟೇ. ಒಂದು ದಿನದ ತರಬೇತಿಗಳಲ್ಲಿ ಬಿತ್ತೋದನ್ನ ತೋರಿಸಿ, ಆಗ್ಲೇ ಬೆಳೆದಿರೋ ಸಸಿ ನೆಡಿಸಿ, ಫೋಟೋ ತೆಗೆದು ಕಳಿಸ್ತಾರೆ, ಸಸಿ ಸಾಯೋದು ಬದುಕೋದು ಎಲ್ಲಾ ಆ ನಡುವಿನ ಮೂರ್ನಾಲ್ಕು ವಾರದಲ್ಲಿ. ನಮ್ಮ ಟಮಕದಲ್ಲೇ ತೋಟಗಾರಿಕೆ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ ಎರಡೂ ಇವೆ. ಅಲ್ಲಿನ ವಿದ್ಯಾರ್ಥಿಗಳು ಭಾನುವಾರ ಎರಡು ಗಂಟೆ ವಾರ್ಡಿನ ಪಾರ್ಕಿಗೋ ಸರ್ಕಾರಿ ಶಾಲೆಗೋ ಬಂದು ಹೀಗೆ ತಿಂಗಳು ಪೂರ್ತಿ ಕಲಿಸೋ ಹಾಗೆ ಮಾಡಿ, ಮಾಲೂರು, ಮುಳಬಾಗಿಲು, ಬಂಗಾರಪೇಟೆಗೂ ವಿಸ್ತರಿಸಿ. ಮೇ ಮೊದಲ ವಾರ ಬಿತ್ತನೆ ಮಾಡಿಸಿದ್ರೆ ಜೂನ್ ಮಳೆ ಹೊತ್ತಿಗೆ ಸಸಿ ನೆಡೋಕೆ ಬರುತ್ತೆ.

– ಒಬ್ಬ ಗೃಹಿಣಿ, ಕೋಲಾರ